ದೋಣಿಯೇ ಮನೆಯಾದವರ ಕಣ್ಣು

ಮನೆಯೆಂದೊಡನೆ ನೆಲದಲ್ಲಿ ಊರಿದ ಗೋಡೆಗಳೂ ಅವುಗಳ ಮೇಲಿನ ಸೂರೂ ನಮ್ಮ ಮನಸ್ಸಿಗೆ ಬರುತ್ತವೆ. ಆದರೆ ಮನೆಯನ್ನೇ ನೀರಿನ ಮೇಲೆ ತೇಲಿಸಿಕೊಂಡು ಬಾಳಿದ ಜನರೂ ಉಂಟು. ಮ್ಯಾನ್ಮಾರಿನ ದಕ್ಷಿಣ ತೀರದಿಂದ ಥೈಲೆಂಡಿನ ಪಶ್ಚಿಮ ತೀರದವರೆಗೆ, ಅಂಡಮಾನ್ ಸಮುದ್ರದ ಅಂಚಿನಲ್ಲಿ, ನೂರಾರು ದ್ವೀಪಗಳು ಹರಡಿಕೊಂಡಿವೆ. ಇವುಗಳ ನಡುವೆ ತಲೆಮಾರುಗಳಿಂದ ಸಂಚರಿಸುತ್ತ ಬಂದವರು ಮೋಕೆನ್ ಜನ.

ಇವರ ದೋಣಿಯ ಹೆಸರು ಕಬಾಂಗ್. ದೊಡ್ಡ ಮರದ ದಿಮ್ಮಿಯನ್ನು ಕೊರೆದು ಅದರ ತಳವನ್ನು ಮಾಡಿ, ಇಕ್ಕೆಲಗಳನ್ನು ಎತ್ತರಿಸಿ, ಕೇದಗೆಯ ಜಾತಿಯ ಎಲೆಗಳನ್ನು ಹೊದಿಸುತ್ತಿದ್ದರು. ಹಾಯಿಯನ್ನೂ ಅಂಥ ಎಲೆಗಳಿಂದಲೇ ಹೆಣೆಯುತ್ತಿದ್ದರು. ಒಂದು ಸಂಸಾರಕ್ಕೆ ಒಂದು ದೋಣಿ. ಅಡಿಗೆಯ ಒಲೆಯೂ ಅದರಲ್ಲಿಯೇ. ಈಶಾನ್ಯ ಮಾರುತದ ಒಣ ತಿಂಗಳುಗಳಲ್ಲಿ ಇಂಥ ಹಲವು ದೋಣಿಗಳು ಕೂಡಿಕೊಂಡು ದ್ವೀಪದಿಂದ ದ್ವೀಪಕ್ಕೆ ಸಾಗುತ್ತಿದ್ದವು. ನಮ್ಮ ಕರಾವಳಿಗೆ ಮಳೆಯನ್ನು ತರುವ ನೈಋತ್ಯ ಮಾರುತವೇ ಅಲ್ಲಿಯ ಕಡಲನ್ನೂ ಕೆರಳಿಸುತ್ತದೆ. ಆ ಕಾಲವನ್ನು ಅವರು ಯಾವುದಾದರೊಂದು ದ್ವೀಪದ ಮರೆಯಲ್ಲಿ ಗುಡಿಸಲು ಕಟ್ಟಿಕೊಂಡು ಕಳೆಯುತ್ತಿದ್ದರು.

ಇಂಥ ಮನೆಯ ಮಕ್ಕಳಿಗೆ ಕಡಲೇ ಅಂಗಳ. ಅವರು ಬರಿಗಣ್ಣಿನಿಂದಲೇ ನೀರಿನಲ್ಲಿ ಮುಳುಗಿ, ಬಂಡೆಗಳ ನಡುವಿನ ಚಿಪ್ಪುಗಳನ್ನು ಹುಡುಕಿ ತರುತ್ತಾರೆ. ಇದರಲ್ಲೇನು ವಿಶೇಷವೆಂದು ಕೇಳಬಹುದು. ಕೆರೆಯಲ್ಲಿಯೋ ಹೊಳೆಯಲ್ಲಿಯೋ ಮುಳುಗಿ ಕಣ್ಣು ತೆರೆದವರಿಗೆ ಉತ್ತರ ಗೊತ್ತು: ಅಲ್ಲಿ ಎಲ್ಲವೂ ಮಸುಕು.

ಈ ಮಸುಕಿಗೆ ಕಾರಣವೇನು? ನಮ್ಮ ಕಣ್ಣು ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಬಿಂಬವನ್ನು ಮೂಡಿಸುತ್ತದೆ. ಈ ಬಾಗಿಸುವ ಶಕ್ತಿ ಒಟ್ಟು ಸುಮಾರು 60 ಡಯಾಪ್ಟರ್. ಅದರಲ್ಲಿ ಮೂರನೆಯ ಎರಡು ಪಾಲು ಕಣ್ಣಿನ ಮುಂಭಾಗದ ಕಾರ್ನಿಯಾದ್ದು. ಉಳಿದುದು ಒಳಗಿರುವ ಮಸೂರದ್ದು. ಗಾಳಿಯ ವಕ್ರೀಭವನಾಂಕ 1. ಕಾರ್ನಿಯಾದ್ದು ಸುಮಾರು 1.38. ಈ ಅಂತರವಿರುವುದರಿಂದಲೇ ಬೆಳಕು ಬಾಗುತ್ತದೆ. ನೀರಿನ ವಕ್ರೀಭವನಾಂಕವಾದರೋ 1.33. ನೀರಿನಲ್ಲಿ ಆ ಅಂತರ ಬಹಳ ಕಿರಿದಾಗುವುದರಿಂದ ಕಾರ್ನಿಯಾ ಬಹುಮಟ್ಟಿಗೆ ನಿಷ್ಪ್ರಯೋಜಕವಾಗಿ, ಬಿಂಬವು ಕೆಡುತ್ತದೆ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಆನಾ ಗಿಸ್ಲೆನ್ ಮತ್ತು ಸಂಗಡಿಗರು ಮೋಕೆನ್ ಮಕ್ಕಳನ್ನು ಪರೀಕ್ಷಿಸಿ, 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೀರೊಳಗೆ ಈ ಮಕ್ಕಳು ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟಿಗೂ ಮಿಗಿಲಾಗಿ ಸೂಕ್ಷ್ಮವಾದ ಗೆರೆಗಳನ್ನು ಗುರುತಿಸಬಲ್ಲವರಾಗಿದ್ದರು. ಮುಳುಗಿದಾಗ ಇವರ ಕಣ್ಣಿನ ಪಾಪೆ 2 ಮಿಲಿಮೀಟರಿಗಿಂತಲೂ ಕಿರಿದಾಗುತ್ತಿತ್ತು. ಇತರರಲ್ಲಿ ಅದು ಸುಮಾರು 2.5 ಮಿಲಿಮೀಟರ್ ಇರುತ್ತಿತ್ತು. ಜೊತೆಗೆ ಇವರು ಮಸೂರವನ್ನೂ ಸಾಧ್ಯವಾದಷ್ಟು ಉಬ್ಬಿಸುತ್ತಿದ್ದರು. ಪಾಪೆ ಕಿರಿದಾದರೆ ಆಗುವ ಲಾಭವನ್ನು ನಾವೂ ಪರೀಕ್ಷಿಸಿ ನೋಡಬಹುದು. ದೂರದ್ದು ಕಾಣದೆ ಕನ್ನಡಕ ಧರಿಸುವವರು ಅದನ್ನು ತೆಗೆದಿಟ್ಟು, ಕಾಗದದಲ್ಲಿ ಸೂಜಿಯಿಂದ ಮಾಡಿದ ರಂಧ್ರದ ಮೂಲಕ ದೂರದ ಫಲಕವನ್ನು ನೋಡಲಿ. ಮಸುಕಾಗಿದ್ದ ಅಕ್ಷರಗಳು ತಿಳಿಯಾಗುತ್ತವೆ.

ಇದು ಹುಟ್ಟಿನಿಂದ ಬಂದ ವರವೇ? ಯುರೋಪಿನ ಮಕ್ಕಳಿಗೆ ಒಂದು ತಿಂಗಳಲ್ಲಿ 11 ಸಲ ನೀರೊಳಗೆ ನೋಡುವ ಅಭ್ಯಾಸ ಮಾಡಿಸಲಾಯಿತು. ಕೊನೆಯ ಪಾಠವಾದ ಎಂಟು ತಿಂಗಳ ಮೇಲೆ ಬಿಸಿಲಿನಲ್ಲಿ ತೆರೆದ ಕೊಳವೊಂದರಲ್ಲಿ ಪರೀಕ್ಷಿಸಿದಾಗ, ಅವರೂ ಮೋಕೆನ್ ಮಕ್ಕಳಿಗೆ ಸಮನಾಗಿ ನೋಡಿದರು. ಅಂದರೆ ಅಭ್ಯಾಸದಿಂದಲೇ ಈ ಶಕ್ತಿಯನ್ನು ಪಡೆಯಬಹುದು.

ಕಡಲನ್ನು ಓದುವ ವಿದ್ಯೆಯೂ ಇಂಥದ್ದೇ. 2004ರ ಡಿಸೆಂಬರ್ 26ರಂದು ನೀರು ಹಿಂದೆ ಸರಿದುದನ್ನು ಕಂಡ ಸುರಿನ್ ದ್ವೀಪಗಳ ಮೋಕೆನ್ನರು, ಹಿರಿಯರು ಹೇಳುತ್ತಿದ್ದ ಮಹಾ ಅಲೆಯ ಕಥೆಯನ್ನು ನೆನೆದು ಎತ್ತರದ ನೆಲಕ್ಕೆ ಓಡಿ ಸುನಾಮಿಯಿಂದ ಪಾರಾದರು.

ಇಂದು ಮೋಕೆನ್ನರಲ್ಲಿ ಹೆಚ್ಚಿನವರು ನೆಲದ ಮೇಲಿನ ಹಳ್ಳಿಗಳಲ್ಲಿ ನೆಲೆಸಿದ್ದಾರೆ. ಹಾಯಿಯ ಬದಲು ಯಂತ್ರ ಬಂದಿದೆ. ಸುರಿನ್ ದ್ವೀಪಗಳು ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವುದರಿಂದ, ಕಬಾಂಗಿಗೆ ಬೇಕಾದ ದೊಡ್ಡ ಮರವನ್ನು ಅಲ್ಲಿ ಮನಬಂದಂತೆ ಕಡಿಯುವಂತಿಲ್ಲ. ಕಾಡನ್ನು ಕಾಯುವುದು ಅವಶ್ಯವೇ ಸರಿ. ಆದರೆ ದಿನವೂ ಕಡಲಿಗಿಳಿಯದ ಮಗುವಿನ ಕಣ್ಣು ನೀರೊಳಗೆ ನೋಡುವುದನ್ನು ಕಲಿಯಲಾರದು. ಕಥೆಯನ್ನು ಕೇಳದ ಮಗುವಿಗೆ ಹಿಂದೆ ಸರಿಯುವ ನೀರಿನ ಅರ್ಥ ತಿಳಿಯದು. ಕೊನೆಯ ಕಬಾಂಗಿನೊಡನೆ ಎಷ್ಟು ವಿದ್ಯೆಗಳು ದಡ ಸೇರಿ ನಿಂತುಹೋಗುವುವೆಂಬುದನ್ನು ನಾವೂ ಯೋಚಿಸಬೇಕಾಗಿದೆ.