ಲಿನಕ್ಸ್ ಗಣಕಕ್ಕೆ ಒಪ್ಪುವ ವೈ-ಫೈ ಸಾಧನ

ದಾನಿಗಳ ಔದಾರ್ಯದಿಂದ ಶಾಲೆಗಳಿಗೆ ಬರುವ ಗಣಕಯಂತ್ರಗಳಲ್ಲಿ ಕಚೇರಿಗಳಲ್ಲಿ ಕೆಲವು ವರ್ಷ ದುಡಿದವೂ ಇರುತ್ತವೆ. ಅಂತಹವಕ್ಕೆ ಪರವಾನಗಿ ಶುಲ್ಕವಿಲ್ಲದ ಲಿನಕ್ಸ್ ವ್ಯವಸ್ಥೆಯು ಹಿತವಾದುದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಇದನ್ನು ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಬಳಸುತ್ತಿದ್ದು, ಕಾಸರಗೋಡಿನ ಕನ್ನಡದ ಮಕ್ಕಳಿಗೂ ಇದರ ಪರಿಚಯವುಂಟು. ಆದರೆ ಅಂತರಜಾಲಕ್ಕೆಂದು ಪೇಟೆಯಿಂದ ತಂದ ಪುಟ್ಟ ಯು.ಎಸ್.ಬಿ. ವೈ-ಫೈ ಸಾಧನವನ್ನು ಸಿಕ್ಕಿಸಿದಾಗ ಅದು ಮೌನ ತಾಳುವುದುಂಟು. ಗಣಕವು ಕೆಟ್ಟಿತೆಂದು ಮೂಲೆಗೆ ತಳ್ಳುವ ಮೊದಲು ಕಾರಣವನ್ನರಿಯುವುದು ಲೇಸು.

ಸಾಧನದ ಜೀವವಿರುವುದು ಅದರೊಳಗಿನ ಚಿಪ್ಪಿನಲ್ಲಿ. ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ ಆ ಚಿಪ್ಪನ್ನು ನಡೆಸಬಲ್ಲ ಡ್ರೈವರ್ ಇದ್ದರೆ ಅದು ಸಿಕ್ಕಿಸಿದೊಡನೆ ಸಾಮಾನ್ಯವಾಗಿ ಎಚ್ಚರಗೊಳ್ಳುತ್ತದೆ. ಇಲ್ಲದಿದ್ದರೆ ಡ್ರೈವರನ್ನು ಅಂತರಜಾಲದಿಂದ ತರಬೇಕು. ಅಂತರಜಾಲಕ್ಕಾಗಿಯೇ ಸಾಧನವನ್ನು ಕೊಂಡವನಿಗೆ ಇದೊಂದು ವಿಷಮ ಚಕ್ರ! ಮೊಬೈಲನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ ಅದರ ಸಂಪರ್ಕವನ್ನು ಹಂಚಿಕೊಂಡು ತಾತ್ಕಾಲಿಕವಾಗಿ ಪಾರಾಗಬಹುದು.

ಹೊರಗಿನ ಹೆಸರನ್ನು ನೆಚ್ಚಿದವರು ಕೆಡುವುದು ಇಲ್ಲಿಯೇ. ಟಿಪಿ-ಲಿಂಕ್ ಸಂಸ್ಥೆಯ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಪ್ರಸಿದ್ಧ ಸಾಧನದ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಎಆರ್9271 ಚಿಪ್ ಇತ್ತು. ಲಿನಕ್ಸಿಗೆ ಅದು ಬಲು ಒಪ್ಪುವಂಥದು. ಎರಡನೆಯ ಆವೃತ್ತಿಯಿಂದ ಹೆಸರು ಹಾಗೆಯೇ ಉಳಿದು, ಒಳಗೆ ರಿಯಲ್‌ಟೆಕ್ ಚಿಪ್ ಬಂದಿತು. ಹಳೆಯ ಪ್ರಶಂಸೆಯನ್ನೋದಿ ಹೊಸದನ್ನು ಕೊಂಡವರು ಬಹುಕಾಲ ಪರದಾಡಿದರು. ಮದ್ದೂರು ವಡೆಯೆಂದು ಮಾರುವುದೆಲ್ಲ ಮದ್ದೂರಿನ ವಡೆಯೇ ಆಗಿರುವುದಿಲ್ಲವಷ್ಟೆ! ಆದುದರಿಂದ ಹೆಸರಿನೊಡನೆ ಆವೃತ್ತಿಯ ಸಂಖ್ಯೆಯನ್ನೂ ನೋಡತಕ್ಕದ್ದು.

ಈಗ ಕೊಳ್ಳುವವರು ಮೀಡಿಯಾಟೆಕ್ ಚಿಪ್ಪುಗಳನ್ನು ಅರಸುವುದು ಕ್ಷೇಮಕರ. ಎಂಟಿ7612ಯು ಎಂಬುದಕ್ಕೆ 2018ರ 4.19ನೆಯ ಕರ್ನಲ್ಲಿನಿಂದಲೂ, ಎಂಟಿ7921ಎಯು ಎಂಬುದಕ್ಕೆ 2022ರ 5.18ರಿಂದಲೂ ಡ್ರೈವರ್ ಒಳಗೇ ಉಂಟು. ಹಳೆಯ ಕರ್ನಲ್ ಇರುವ ಗಣಕಕ್ಕೆ ಹೊಸ ಚಿಪ್ಪನ್ನು ತಂದರೆ ಮತ್ತದೇ ಮೌನ.

ಮಳವಳ್ಳಿಯಿಂದ ಮಂಡ್ಯದ ಅಂಗಡಿಗೆ ಬಂದು, ಒಪ್ಪದ ಸಾಧನವನ್ನು ಬದಲಾಯಿಸಲು ಮರಳಿ ಬರುವುದೆಂದರೆ ಉಪಾಧ್ಯಾಯರಿಗೆ ಇನ್ನೊಂದು ದಿನ ನಷ್ಟ. ಬದಲಿಗೆ, ಲಿನಕ್ಸನ್ನು ತುಂಬಿದ ಪೆನ್‌ಡ್ರೈವನ್ನು ಒಯ್ದು, ಅಂಗಡಿಯವರ ಒಪ್ಪಿಗೆಯಿಂದ ಅಲ್ಲಿಯ ಗಣಕವನ್ನು ಅದರಿಂದಲೇ ಚಾಲೂ ಮಾಡಿ ಪರೀಕ್ಷಿಸಬಹುದು. ಗಣಕದಲ್ಲಿ ಏನನ್ನೂ ಅಳವಡಿಸಬೇಕಾಗಿಲ್ಲ. ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆಯನ್ನಿತ್ತರೆ ಸಾಧನದ ಗುರುತುಸಂಖ್ಯೆ ಕಾಣುವುದು. ಅದನ್ನು ರಸೀತಿಯ ಹಿಂಬದಿಯಲ್ಲಿ ಬರೆದಿಟ್ಟರೆ ಮುಂದಿನ ಖರೀದಿಗೆ ಅದೇ ಆಧಾರ.