ಬಾಗಿಲಲ್ಲಿ ನಿಂತವನು

ಮಲೆನಾಡಿನಲ್ಲಿ ಬಸ್ಸು ಕಣ್ಣಿಗೆ ಬೀಳುವುದಕ್ಕೆ ಬಹಳ ಮೊದಲೇ ಕಿವಿಗೆ ಬೀಳುತ್ತದೆ. ಆಚೆಯ ಗುಡ್ಡದ ಏರಿನಲ್ಲಿ ಅದು ಗೇರು ಬದಲಿಸಿ ನರಳುವ ಸದ್ದು ಕೇಳಿತೆಂದರೆ, ಈಚೆಯ ಅಡಿಕೆ ತೋಟದ ಸಂಕದ ಮೇಲೆ ಓಟ ಆರಂಭವಾಯಿತೆಂದೇ ಅರ್ಥ. ಹೆಗಲಲ್ಲಿ ಪುಸ್ತಕದ ಚೀಲ, ಕೈಯಲ್ಲಿ ಅಪ್ಪನ ದೊಡ್ಡ ಕೊಡೆ, ಮೊಣಕಾಲಿನವರೆಗೆ ಕೆಸರು. ಈ ಬಸ್ಸು ತಪ್ಪಿದರೆ ಮುಂದಿನದು ಮಧ್ಯಾಹ್ನಕ್ಕೆ. ಆ ದಿನದ ಶಾಲೆಯ ಮಾತು ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತ ಖಾಕಿ ಅಂಗಿಯವನು ಸೀಟಿ ಊದುತ್ತಾನೆ. ಬಸ್ಸು ನಿಲ್ಲುತ್ತದೆ. “ಓಡಬೇಡವೋ, ಜಾರಿ ಬಿದ್ದೀಯೆ! ನಿನ್ನನ್ನು ಬಿಟ್ಟು ಹೋದರೆ ಈ ಬಸ್ಸಿಗೆ ಶಾಲೆಯ ದಾರಿ ಹೇಳುವವರು ಯಾರು?”

ಕೊಪ್ಪ, ಶೃಂಗೇರಿ, ತೀರ್ಥಹಳ್ಳಿಗಳ ಸುತ್ತಿನಲ್ಲಿ ೧೯೯೦ರ ದಶಕದಲ್ಲಿ ಬಾಲ್ಯ ಕಳೆದವರಲ್ಲಿ ಈ ದನಿಯನ್ನು ಮರೆತವರು ವಿರಳ. ಒಂದೊಂದು ದಾರಿಗೆ ಒಬ್ಬೊಬ್ಬ ಕಂಡಕ್ಟರು. ಒಬ್ಬನಿಗೆ ಪೊದೆಮೀಸೆ, ಇನ್ನೊಬ್ಬನಿಗೆ ಬಾಯ್ತುಂಬ ಎಲೆಯಡಿಕೆ. ಆದರೆ ಮಕ್ಕಳ ನೆನಪಿನಲ್ಲಿ ಅವರೆಲ್ಲರೂ ಕಲೆತು ಒಬ್ಬನೇ ಆಗಿಬಿಟ್ಟಿದ್ದಾರೆ: ಕಿವಿಯ ಹಿಂದೆ ಪೆನ್ಸಿಲು, ಕಂಕುಳಲ್ಲಿ ಚರ್ಮದ ಚೀಲ, ತುಟಿಯ ಅಂಚಿನಲ್ಲಿ ಇನ್ನೇನು ಹೊರಬೀಳಲಿರುವ ಒಂದು ತಮಾಷೆ.

ಮಕ್ಕಳ ಹೆಸರುಗಳು ಅವನಿಗೆ ಬೇಕಿರಲಿಲ್ಲ. ಹತ್ತುವ ಸ್ಥಳವೇ ಹೆಸರು. “ಏ ಹಲಸಿನಮರ, ಒಳಗೆ ಸರಿ. ಸೇತುವೆ, ನಿನ್ನ ತಂಗಿಗೆ ಜ್ವರ ಬಿಟ್ಟಿತೆ?” ತೀರ ಚಿಕ್ಕವರಿಗೆ ಡ್ರೈವರನ ಪಕ್ಕದ ಎಂಜಿನ್ನಿನ ಮೇಲೆ ಆಸನ, ಆಗುಂಬೆ ಸೀಮೆಯ ಆಷಾಢದ ಮಳೆಯಲ್ಲಿ ಅದಕ್ಕಿಂತ ಬೆಚ್ಚನೆಯ ಸ್ಥಳ ಇನ್ನೊಂದಿಲ್ಲ. ದೊಡ್ಡವರಿಗೆ ಮಾತ್ರ ಎಂದಿನ ಉಪಚಾರ: “ಮುಂದೆ ಹೋಗಿ ಸ್ವಾಮಿ, ಮುಂದೆ ಮದುವೆಯ ಚಪ್ಪರದಷ್ಟು ಜಾಗವಿದೆ!” ಜಾಗವೆಲ್ಲಿಂದ ಬರಬೇಕು? ಆದರೂ ಜನ ನಕ್ಕು ಒಂದಂಗುಲ ಸರಿಯುತ್ತಿದ್ದರು. ಆ ಒಂದಂಗುಲದಲ್ಲಿ ಇನ್ನೂ ನಾಲ್ವರು ಹಿಡಿಸುತ್ತಿದ್ದರು.

ಬಸ್ಸು ಸಾಗಿಸುತ್ತಿದ್ದುದು ಜನರನ್ನು ಮಾತ್ರವಲ್ಲ. ಮರೆತು ಬಂದ ಊಟದ ಡಬ್ಬಿ, ಪಟ್ಟಣದ ಅಂಗಡಿಯಿಂದ ಅಜ್ಜಿಯ ಔಷಧ, ಪಂಪುಸೆಟ್ಟಿನ ಬಿಡಿಭಾಗ, ಕೂಡಿಬರಬಹುದಾದ ಸಂಬಂಧದ ಜಾತಕ, ಎಲ್ಲವೂ ಅವನ ಕೈಯಿಂದಲೇ ದಾಟಬೇಕು. ರಶೀದಿಯಿಲ್ಲ, ಕೂಲಿಯಿಲ್ಲ. ಪತ್ರಿಕೆಯ ಕಟ್ಟನ್ನು ಓಡುವ ಬಸ್ಸಿನಿಂದಲೇ ಅಂಗಡಿಯ ಜಗುಲಿಗೆ ಗುರಿತಪ್ಪದೆ ಎಸೆಯುವ ಅವನ ಕೌಶಲವನ್ನು ಕಂಡು ಬೆರಗಾಗದ ಹುಡುಗರಿರಲಿಲ್ಲ.

ರಜೆಯಲ್ಲಿ ಜಗುಲಿಯೇ ಬಸ್ಸು. ಮಣೆಗಳು ಆಸನ, ಹಲಸಿನ ಎಲೆ ಟಿಕೇಟು, ಅಮ್ಮನ ಹಳೆಯ ಕೈಚೀಲ ಹೆಗಲಿಗೆ. ಕಂಡಕ್ಟರಾಗುವುದಕ್ಕೆ ಜಗಳವೋ ಜಗಳ. ಡ್ರೈವರನ ಕೆಲಸವನ್ನು ಕೇಳಿ ಪಡೆದವರಿಲ್ಲ. ಪಾಪ, ಆತ ಎಲ್ಲರಿಗೂ ಬೆನ್ನು ಹಾಕಿ ಕುಳಿತವನು.

ಆ ನಗೆಯ ಹಿಂದಿನ ಲೆಕ್ಕಾಚಾರ ಮಕ್ಕಳಿಗೆ ತಿಳಿಯುವಂತಿರಲಿಲ್ಲ. ರಾತ್ರಿಯ ಕೊನೆಯ ಬಸ್ಸು ದಾರಿ ಮುಗಿಯುವ ಹಳ್ಳಿಯಲ್ಲೇ ತಂಗುತ್ತಿತ್ತು. ಅವನು ಮಂದಬೆಳಕಿನಲ್ಲಿ ಹಣ ಎಣಿಸಿ, ಕಡಮೆ ಬಿದ್ದುದನ್ನು ಕಿಸೆಯಿಂದ ತುಂಬಿ, ಒದ್ದೆ ಆಸನದ ಮೇಲೆ ಕಂಬಳಿ ಹೊದ್ದು ಮಲಗಿ, ಕೋಳಿ ಕೂಗುವುದರೊಳಗೆ ಎದ್ದು ಮುಖ ತೊಳೆದರೆ ಮತ್ತೆ ಅದೇ ಉತ್ಸಾಹ.

ಅದಕ್ಕಿಂತ ದೊಡ್ಡ ಸಂಗತಿಯೊಂದಿತ್ತು. ೧೯೯೧ರ ಸುಮಾರಿಗೆ ಈ ದಾರಿಗಳಲ್ಲಿ ಬಸ್ಸು ನಡೆಸುತ್ತಿದ್ದ ಖಾಸಗಿ ಸಂಸ್ಥೆಯೊಂದು ಕೆಲಸ ನಿಲ್ಲಿಸಿದಾಗ, ಡ್ರೈವರು ಕಂಡಕ್ಟರುಗಳೇ ಕೂಡಿ ಕೊಪ್ಪದಲ್ಲಿ ಸಹಕಾರ ಸಂಘವನ್ನು ಕಟ್ಟಿದರು. ಜನರ ಬಾಯಲ್ಲಿ ಅದು ‘ಸಹಕಾರ ಸಾರಿಗೆ’ಯಾಯಿತು. ಬೆರಳೆಣಿಕೆಯ ಬಸ್ಸುಗಳಿಂದ ಹೊರಟದ್ದು ವರ್ಷಗಳು ಕಳೆದಂತೆ ೭೦ಕ್ಕೂ ಮಿಕ್ಕಿ ಬೆಳೆಯಿತು. ಎಂದರೆ, ಬಾಗಿಲಲ್ಲಿ ನಿಂತು ಸೀಟಿ ಊದುತ್ತಿದ್ದವನು ಆಳೂ ಹೌದು, ಆ ಬಸ್ಸಿನ ಪಾಲುದಾರನೂ ಹೌದು. ಓಡಿಬರುವ ಹುಡುಗನಿಗಾಗಿ ಕಾಯುವಾಗ ಉರಿಯುತ್ತಿದ್ದುದು ಅವನದೇ ಡೀಸೆಲು. ವಿದ್ಯಾರ್ಥಿಗಳಿಗೆ ಸಂಘವು ರಿಯಾಯಿತಿ ಕೊಟ್ಟಿತ್ತು. ಆದ್ದರಿಂದ ಉಸಿರಾಡಲು ಎಡೆಯಿಲ್ಲದಂತೆ ತುಂಬುತ್ತಿದ್ದ ಬೆಳಗಿನ ಬಸ್ಸಿನಲ್ಲಿ ಚೀಲ ಮಾತ್ರ ತುಂಬುತ್ತಿರಲಿಲ್ಲ. ಯಾರಿಂದ ಅತ್ಯಲ್ಪ ಹುಟ್ಟುವಳಿಯೋ ಅವರನ್ನೇ ಅವನು ಅತ್ಯಂತ ಅಕ್ಕರೆಯಿಂದ ಕೂಗಿ ಹತ್ತಿಸಿಕೊಂಡನು. ವ್ಯಾಪಾರ ಬಲ್ಲವರು ಇದನ್ನು ಏನೆಂದು ಕರೆಯುವರೋ!

ವ್ಯಾಪಾರದ ನಿಯಮ ಕೊನೆಗೆ ತನ್ನ ಕೈ ತೋರಿಸಿಯೇ ತೋರಿಸಿತು. ಡೀಸೆಲಿನ ಬೆಲೆ, ಬಿಡಿಭಾಗ, ತೆರಿಗೆ, ವಿಮೆ ಎಲ್ಲವೂ ಏರಿದವು. ಹುಟ್ಟುವಳಿ ಅದೇ ವೇಗದಲ್ಲಿ ಏರಲಿಲ್ಲ. ೨೦೨೦ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆಯ ಬಸ್ಸುಗಳು ನಿಂತವು. ಮರುತಿಂಗಳೇ ಕೊರೋನಾದ ದಿಗ್ಬಂಧನ ಬಂದು ದೇಶದ ಬಸ್ಸುಗಳೆಲ್ಲ ನಿಂತುಹೋದುದರಿಂದ, ಈ ನಿಲುಗಡೆಯ ದುಃಖ ದೊಡ್ಡ ಗದ್ದಲದಲ್ಲಿ ಮುಚ್ಚಿಹೋಯಿತು. ಉಳಿದ ಬಸ್ಸುಗಳಲ್ಲಿ ಹಲವು ಮುಂದೆ ಮತ್ತೆ ಹೊರಟವು.

ಅಂದಿನ ಮಕ್ಕಳು ಈಗ ನಲವತ್ತರ ಹತ್ತಿರದವರು. ಹಲವರು ಬೆಂಗಳೂರಿನಲ್ಲಿ ನೆಲೆಸಿ, ಅಂಗೈಯಗಲದ ಯಂತ್ರ ಉಗುಳುವ ಟಿಕೇಟನ್ನು ಹಿಡಿದು, ಮುಖವೆತ್ತದ ಕಂಡಕ್ಟರನ ಮುಂದೆ ದಾಟಿಹೋಗುತ್ತಾರೆ. ಅವನದೂ ತಪ್ಪಲ್ಲ, ನಗರದ ಬಸ್ಸಿನಲ್ಲಿ ಎಷ್ಟು ಮುಖವೆಂದು ನೆನಪಿಟ್ಟುಕೊಂಡಾನು? ಮದುವೆಯ ಕಾಲಕ್ಕೆ ಇವರು ಊರಿಗೆ ಬರುವುದುಂಟು. ಚಪ್ಪರದ ಅಂಚಿನ ಕುರ್ಚಿಯಲ್ಲಿ ಬಿಳಿಯ ಪಂಚೆಯುಟ್ಟ ಮುದುಕನೊಬ್ಬನು ಕುಳಿತಿರುತ್ತಾನೆ. ಖಾಕಿಯಿಲ್ಲದೆ ಅವನ ಗುರುತು ಒಮ್ಮೆಲೇ ಹತ್ತುವುದಿಲ್ಲ. ಅವನೇ ಕಣ್ಣು ಕಿರಿದುಮಾಡಿ ನೋಡಿ, ಮೊದಲು ಕೇಳುತ್ತಾನೆ:

“ನೀನು ಹಲಸಿನಮರದವನಲ್ಲವೆ?”