ಕುಡಿತ ಬಿಟ್ಟು ಬಂದವರಿಗೆ ಕೊಟ್ಟಿಗೆಯ ಕೆಲಸ ಒಪ್ಪಿಸಿ



ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬರು ಮದ್ಯವ್ಯಸನಕ್ಕೆ ಚಿಕಿತ್ಸೆ ಪಡೆದು ಊರಿಗೆ ಮರಳಿರಬಹುದು. ಕಷ್ಟದ ಕಾಲ ಶುರುವಾಗುವುದು ಈಗ. ಚಿಕಿತ್ಸೆಯ ನಂತರದ ಮೊದಲ ಮೂರು ತಿಂಗಳಲ್ಲೇ ಮತ್ತೆ ಕುಡಿತಕ್ಕೆ ಬೀಳುವವರು ಹೆಚ್ಚು.

"ಇವನ ಕೈಯಲ್ಲಿ ಏನಾಗುತ್ತೆ ಬಿಡಿ" ಎಂಬ ಮಾತನ್ನು ದಿನವೂ ಕೇಳುವವರು ಕೊನೆಗೆ ಅದನ್ನೇ ನಂಬುತ್ತಾರೆ. 'ನನ್ನಿಂದ ಸಾಧ್ಯ' ಎಂಬ ನಂಬಿಕೆ ಹೊಗಳಿಕೆಗಿಂತ ಹೆಚ್ಚಾಗಿ ಸ್ವತಃ ಮಾಡಿ ಮುಗಿಸಿದ ಕೆಲಸದಿಂದ ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಹೇಳಿದ್ದಾರೆ. ಈ ವಿಷಯದಲ್ಲಿ ಹೈನುಗಾರರ ಮನೆಗೆ ಅನುಕೂಲವಿದೆ. ಹಸು ಯಾರ ಹಳೆಯ ಕಥೆಯನ್ನೂ ಕೇಳುವುದಿಲ್ಲ!

ಮೊದಲ ವಾರವೇ ಇಡೀ ಕೊಟ್ಟಿಗೆ ವಹಿಸಬೇಡಿ. ಕರುಗಳಿಗೆ ಹಾಲು ಕುಡಿಸುವುದೋ ಕೊಟ್ಟಿಗೆ ತೊಳೆಯುವುದೋ, ಒಂದು ಕೆಲಸ ಪೂರ್ತಿ ಅವರದೇ ಆಗಿರಲಿ. ಹಿಂದೆ ನಿಂತು ತಪ್ಪು ಹುಡುಕಬೇಡಿ. ಅದು ರೂಢಿಯಾದ ಮೇಲೆ ಸಂಜೆ ಹಾಲು ಕರೆಯುವುದನ್ನು ಒಪ್ಪಿಸಿ. ಸಂಜೆಯೇ ಏಕೆಂದರೆ, ಹಿಂದೆ ಕುಡಿಯುತ್ತಿದ್ದ ಹೊತ್ತಿಗೇ ಹಂಬಲ ಹೆಚ್ಚು ಕಾಡುತ್ತದೆ. ಅದು ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆಗ ಕೈಯಲ್ಲಿ ಕೆಲಸವಿದ್ದು, ಹೊಟ್ಟೆ ಹಸಿದಿರದಿದ್ದರೆ ದಾಟುವುದು ಸುಲಭ. ಡೇರಿಗೆ ಹೋಗುವ ದಾರಿಯಲ್ಲಿ ಮದ್ಯದಂಗಡಿ ಇದ್ದರೆ ಬೇರೆ ದಾರಿ ಹಿಡಿಯಲಿ, ಇಲ್ಲವೇ ಮೊದಮೊದಲು ಜೊತೆಗೆ ಒಬ್ಬರು ಹೋಗಿ.

ಹಣದ ವಿಚಾರ ನಾಜೂಕಿನದು. ಬಟವಾಡೆ ದಿನ ಅಪಾಯದ ದಿನವೂ ಹೌದು. ಹಾಗೆಂದು ಎಲ್ಲವನ್ನೂ ಮುಚ್ಚಿಟ್ಟರೆ ಅವರಿಗೆ ತಾವು ಮನೆಗೆ ಬೇಡದವರು ಅನ್ನಿಸುತ್ತದೆ. ಹಣ ಸದ್ಯಕ್ಕೆ ಬ್ಯಾಂಕ್ ಖಾತೆಯಲ್ಲೇ ಇರಲಿ. ಲೀಟರ್, ಫ್ಯಾಟ್, ಪಶು ಆಹಾರದ ಬಾಕಿ ಇವುಗಳ ಲೆಕ್ಕವನ್ನು ಅವರಿಂದಲೇ ಬರೆಸಿ.

ಒಂದು ದಿನ ಎಡವಿದರೆ? "ಎಲ್ಲ ಹಾಳಾಯಿತು" ಎಂದು ನೀವು ಕೂಗಾಡಿದರೆ ಅವರೂ ಹಾಗೆಯೇ ಅಂದುಕೊಂಡು ಮರುದಿನವೂ ಕುಡಿಯುವ ಸಂಭವ ಹೆಚ್ಚು. ಅಮಲು ಇಳಿದ ಮೇಲೆ ಯಾರ ಜೊತೆ, ಯಾವ ಹೊತ್ತಿನಲ್ಲಿ, ಏನಾಗಿತ್ತು ಎಂದು ಸಮಾಧಾನದಿಂದ ಕೇಳಿ. ಒಪ್ಪಿಸಿದ ಕೆಲಸ ಕಿತ್ತುಕೊಳ್ಳಬೇಡಿ. ಚಿಕಿತ್ಸೆ ಕೊಟ್ಟ ವೈದ್ಯರಿಗೂ ತಿಳಿಸಿ.

ಇನ್ನೊಂದು ಮಾತು. ಕುಡಿತ ಬಿಡಿಸುವ ಮಾತ್ರೆಯನ್ನು ಗೊತ್ತಾಗದಂತೆ ಊಟದಲ್ಲಿ ಬೆರೆಸಬೇಡಿ. ಡೈಸಲ್ಫಿರಾಂ ಮಾತ್ರೆ ಹೊಟ್ಟೆಯಲ್ಲಿರುವಾಗ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಬಿಡದೆ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದಾಗ ಕೈ ನಡುಕ, ಫಿಟ್ಸ್, ಅಸಂಬದ್ಧ ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಲಹೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.